ಮುಂದಿನ ಖೋಲಿಯ ಜನಸಂಖ್ಯೆ

ನಮ್ಮ ಮನೆಯಲ್ಲಿ ಬೆಳಗಿನ ಚಹಾಕ್ಕಿಂತ ಮೊದಲು ಏಷ್ಯಾ ಬರುತ್ತಿತ್ತು. ಐದೂವರೆಗೆ ಅಪ್ಪ ಪಡಸಾಲೆಯ ಮೂಲೆಯಲ್ಲಿ ತೂಗುಹಾಕಿದ್ದ ರೈಲುಕಂಬಿಯ ತುಂಡಿಗೆ ಮೂರು ಸಲ ಬಾರಿಸುತ್ತಿದ್ದ. ಮೊದಲ ಪೆಟ್ಟಿಗೆ ಹಾಸಿಗೆ ಸುತ್ತಬೇಕು, ಎರಡನೆಯದಕ್ಕೆ ಮುಖ ತೊಳೆದಿರಬೇಕು, ಮೂರನೆಯದಕ್ಕೆ ನಾವು ನಾಲ್ವರು ಮಕ್ಕಳು ಎತ್ತರದ ಪ್ರಕಾರ ಸಾಲಾಗಿ ನಿಂತಿರಬೇಕು. ಎದುರಿಗೆ ಗೋಡೆಗೆ ಒರಗಿಸಿದ ಒಂದು ಹಳೆಯ ಬಾಗಿಲ ಹಲಗೆ. ಹಾಳಾದ ಬ್ಯಾಟರಿ ಸೆಲ್ಲುಗಳ ಮಸಿಯನ್ನು ಅರೆದು ಬಳಿದು ಅಪ್ಪನೇ ಅದನ್ನು ಕರಿಹಲಗೆ ಮಾಡಿದ್ದ. ಅದರ ಮೇಲೆ ಏಷ್ಯಾ ಖಂಡದ ದೇಶಗಳ ಹೆಸರು, ಪ್ರತಿ ಹೆಸರಿನ ಮುಂದೆ ಮೂರು ಕಾಲಂ: ಜಾಗ, ಮಂದಿ, ಗಳಿಕೆ. ಸರ್ಕಾರಿ ಕಾಗದಗಳಲ್ಲಿ ಅಡ್ಡ ಉದ್ದ ಗೆರೆ ಎಳೆದು ತುಂಬುವ ಪಟ್ಟಿಗೆ ನಮ್ಮ ಕಡೆ ತಖ್ತೆ ಎನ್ನುತ್ತಾರೆ. ಅಪ್ಪನೂ ಇದನ್ನು ತಖ್ತೆ ಎಂದೇ ಕರೆಯುತ್ತಿದ್ದ.

ಅಪ್ಪ ಕಲ್ಲೂರಿನ ಪ್ರಾಥಮಿಕ ಶಾಲೆಯ ಮಾಸ್ತರ. ಮಾನ್ವಿಯಿಂದ ಏಳೂವರೆಯ ಬಸ್ಸಿಗೆ ಹೋಗಬೇಕು. ಅಷ್ಟರೊಳಗೆ ಮನೆಯ ಶಾಲೆ ಮುಗಿಯಬೇಕು. ತಖ್ತೆಯ ಮುಂದೆ ನಿಂತಿರುವ ತನಕ ಅವನು ನಮಗೂ ಮಾಸ್ತರನೇ. ರೀ ಹಚ್ಚಿಯೇ ಮಾತಾಡಬೇಕು.

"ಜಾಗದಾಗ ಮೊದಲನೇದು?"

"ಚೀನಾ ರೀ."

"ಮಂದ್ಯಾಗ?"

"ಚೀನಾ ರೀ."

"ಗಳಿಕ್ಯಾಗ?"

"ಜಪಾನ್ ರೀ."

"ಗಟ್ಟಿ ಹೇಳ್ರಿ. ಅಡಗಿಮನಿಗೆ ಕೇಳಬೇಕು."

ಗಟ್ಟಿ ಹೇಳು ಎನ್ನುವುದು ಅಪ್ಪನ ಬಾಯಿಂದ ದಿನಕ್ಕೆ ಹತ್ತು ಸಲ ಬರುತ್ತಿದ್ದ ಮಾತು. ಅದಕ್ಕೆ ಕಾರಣವನ್ನು ಅವನು ಒಮ್ಮೆ ಮಾತ್ರ ಹೇಳಿದ್ದ. ಅವನು ಹುಡುಗನಾಗಿದ್ದಾಗ ನಮ್ಮ ಕೇರಿಯ ಮಕ್ಕಳನ್ನು ತರಗತಿಯ ಒಳಗೆ ಕೂರಿಸುತ್ತಿರಲಿಲ್ಲ. ಹೊರಗೆ ಕಿಟಕಿಯ ಕೆಳಗೆ ಕೂತು ಕೇಳಬೇಕು. ಒಳಗಿನ ಮಕ್ಕಳು ಗಟ್ಟಿಯಾಗಿ ಒಪ್ಪಿಸಿದ ಪಾಠ ಅವನಿಗೆ ಬಂತು, ಮೆಲ್ಲಗೆ ಹೇಳಿದ್ದು ಬರಲೇ ಇಲ್ಲ. "ಮೆಲ್ಲಕ ಹೇಳೋದಂದ್ರ ಹೊರಗ ಕುಂತವರ ಪಾಲಿಂದು ಕಸಗೊಂಡಂಗ" ಎಂದಿದ್ದ. ನಮ್ಮ ಮನೆಯಲ್ಲಿ ಹೊರಗೆ ಕೂತವರೆಂದರೆ ಅಡುಗೆಮನೆಯಲ್ಲಿದ್ದ ಅವ್ವ ಮತ್ತು ಕಾಕಾನ ಹೆಂಡತಿ ಚಿಗವ್ವ. ಇಬ್ಬರಿಗೂ ಓದು ಬಾರದು. ಆದರೆ ಜಾಗದಲ್ಲಿ ಚೀನಾ, ಗಳಿಕೆಯಲ್ಲಿ ಜಪಾನ್ ಎಂಬುದು ರೊಟ್ಟಿ ಬಡಿಯುತ್ತಲೇ ಇಬ್ಬರಿಗೂ ಬಾಯಿಪಾಠವಾಗಿತ್ತು.

ಪಾಠದಲ್ಲಿ ಎರಡು ಬಲೆಗಳಿದ್ದವು. ಒಂದು, "ಎಲ್ಲಾಕ್ಕಿಂತ ದೊಡ್ಡ ದೇಶ ಯಾವುದು?" ಎಂದು ಅಪ್ಪ ಇದ್ದಕ್ಕಿದ್ದಂತೆ ಕೇಳುವುದು. ಚೀನಾ ಎಂದವರು ಸೋತರು. ಬಾವಿಯಿಂದ ಒಂದು ಕೊಡ ನೀರು ಹೆಚ್ಚಿಗೆ ತರಬೇಕು. "ಯಾವ ಕಾಲಂದಾಗ ರೀ?" ಎಂದು ತಿರುಗಿ ಕೇಳಿದವರು ಗೆದ್ದರು. ಇನ್ನೊಂದು, ಎರಡು ಖಂಡಗಳಲ್ಲಿ ಕಾಲಿಟ್ಟ ದೇಶಗಳದು. ಆಗ ಸೋವಿಯತ್ ಒಕ್ಕೂಟ ಇನ್ನೂ ಒಂದೇ ಆಗಿತ್ತು. ಅದರ ನೆಲದ ಬಹುಪಾಲು ಏಷ್ಯಾದಲ್ಲೇ ಇದ್ದರೂ ಅಪ್ಪ ಅದನ್ನು ತಖ್ತೆಯಿಂದ ಹೊರಗಿಟ್ಟಿದ್ದ. ತುರ್ಕಿಯನ್ನು ಒಳಗೆ ತಂದಿದ್ದ. ಯಾಕೆಂದು ಕೇಳಿದರೆ ನಾವು ನಾಲ್ವರೂ ಒಂದೇ ದನಿಯಲ್ಲಿ ಹೇಳಬೇಕು: "ರಾಜಧಾನಿ ಯಾವ ಕಡಿ ಅದನೋ ಆ ಕಡಿ ಎಣಸೋದು ರೀ." ಇದು ಪುಸ್ತಕದ ನಿಯಮವೋ ಅಪ್ಪನ ನಿಯಮವೋ ನನಗೆ ಇವತ್ತಿಗೂ ಗೊತ್ತಿಲ್ಲ. ಮನೆಯಲ್ಲಿ ಅದು ಕಾನೂನಾಗಿತ್ತು.

ಮನೆಯನ್ನು ಕಟ್ಟಿದವನು ತಾತ. ಅವನು ಕಲ್ಲು ಒಡೆಯುವವನು. ಊರವರ ಮನೆಗಳಿಗೆ ನೆಟ್ಟಗಿನ ಕಲ್ಲು ಕೊಟ್ಟು, ಉಳಿದ ಓರೆಕಲ್ಲುಗಳನ್ನು ಹೊತ್ತು ತಂದು ವರ್ಷಕ್ಕೊಂದು ಗೋಡೆಯಂತೆ ಏರಿಸಿದ್ದನಂತೆ. ಹೀಗಾಗಿ ಒಂದು ಗೋಡೆಯೂ ಇನ್ನೊಂದಕ್ಕೆ ಸರಿಯಾಗಿ ಕೂಡುತ್ತಿರಲಿಲ್ಲ. ಮುಂದೆ ಕಟ್ಟೆ, ಒಳಗೆ ಕಾಲಿಟ್ಟರೆ ಪಡಸಾಲೆ, ಎಡಕ್ಕೆ ಮುಂದಿನ ಖೋಲಿ, ಹಿಂದೆ ಅಡುಗೆಮನೆ, ಅದರಾಚೆ ಎಮ್ಮೆಯ ಕೊಟ್ಟಿಗೆ. ಮೇಲೆ ಚಾವಣಿಯಾಗಿ ಮಣ್ಣಿನ ಮಾಳಿಗೆ. ಬಾಗಿಲಿದ್ದ ಕೋಣೆ ಎಂದರೆ ಮುಂದಿನ ಖೋಲಿ ಒಂದೇ. ಅದಕ್ಕೊಂದು ಪದ್ಧತಿ ಇತ್ತು. ಮನೆಗೆ ಹೊಸ ಜೋಡಿ ಬಂದರೆ ಆ ಖೋಲಿ ಅವರದು. ಅವರ ಮೊದಲ ಮಗುವಿನ ತೊಟ್ಟಿಲು ಕಟ್ಟಿದ ಮೇಲೆ ಅವರು ಪಡಸಾಲೆಗೆ ಬರಬೇಕು. ನನ್ನ ಅಣ್ಣ ಹುಟ್ಟಿದಾಗ ಅಪ್ಪ ಅವ್ವ ಹಾಗೆಯೇ ಹೊರಗೆ ಬಂದಿದ್ದರು. ಆಮೇಲೆ ಅಪ್ಪನ ತಮ್ಮ ಹಣಮಂತ ಕಾಕಾ ಮದುವೆಯಾಗಿ ಚಿಗವ್ವನನ್ನು ಗಿಲ್ಲೆಸುಗೂರಿನಿಂದ ಕರೆತಂದ. ನಾನು ಹೇಳುತ್ತಿರುವ ವರ್ಷಕ್ಕೆ ಅವರು ಖೋಲಿಗೆ ಹೋಗಿ ಎಂಟು ವರ್ಷವಾಗಿತ್ತು. ತೊಟ್ಟಿಲು ಕಟ್ಟಲು ಜಂತಿಗೆ ಬಡಿದಿದ್ದ ಕಬ್ಬಿಣದ ಕೊಂಡಿಗೆ ಚಿಗವ್ವ ಬೆಳ್ಳುಳ್ಳಿಯ ಗೊಂಚಲು ತೂಗುಹಾಕಿದ್ದಳು.

ಕಾಕಾ ದೇವದುರ್ಗದಲ್ಲಿ ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತ. ಸೋಮವಾರ ಬೆಳಗಿನ ಮೊದಲ ಬಸ್ಸಿಗೆ ಹೋದರೆ ಶನಿವಾರ ಮಧ್ಯಾಹ್ನವೇ ಬರುವುದು. ಅಪ್ಪನಿಗಿಂತ ಚಿಕ್ಕವನಾದರೂ ಅವನ ಸಂಬಳವೇ ಹೆಚ್ಚು. ಅವನಿಲ್ಲದ ದಿನ ಚಿಗವ್ವನ ಜೊತೆಗೆಂದು ನನ್ನನ್ನು ಖೋಲಿಯಲ್ಲಿ ಮಲಗಿಸಲು ಶುರುಮಾಡಿದಾಗ ನನಗೆ ಐದು ವರ್ಷ. ಮೊದಮೊದಲು ಕಾಕಾ ಬಂದ ದಿನ ಹಾಸಿಗೆ ಹೊತ್ತು ಪಡಸಾಲೆಗೆ ಬರುತ್ತಿದ್ದೆ. ಕ್ರಮೇಣ ಅದೂ ನಿಂತಿತು. ಖೋಲಿಯ ಕಿಟಕಿಯ ಕೆಳಗೆ ನನ್ನ ಚಾಪೆ, ಗೂಟಕ್ಕೆ ನನ್ನ ಪಾಟಿಚೀಲ, ಚಿಗವ್ವನ ಟ್ರಂಕಿನಲ್ಲಿ ನನ್ನ ಎರಡು ಫ್ರಾಕು. ತಲೆ ಬಾಚುವವಳು ಅವಳು, ಜ್ವರ ಬಂದರೆ ಹಣೆ ಮುಟ್ಟಿ ನೋಡುವವಳು ಅವಳು. ಅವ್ವನ ಕಂಕುಳಲ್ಲಿ ಆಗ ತಮ್ಮ ಇದ್ದ, ಬೆನ್ನಿಗೆ ತಂಗಿ ಇದ್ದಳು. ಯಾರೂ ನನ್ನನ್ನು ಕೊಡಲಿಲ್ಲ, ಯಾರೂ ತೆಗೆದುಕೊಳ್ಳಲಿಲ್ಲ. ನೀರು ಇಳಿಜಾರಿಗೆ ಹರಿದ ಹಾಗೆ ನಾನು ಆ ಖೋಲಿಗೆ ಹರಿದುಹೋದೆ.

ನನಗೆ ಹನ್ನೊಂದು ತುಂಬಿದ ವರ್ಷ ಮಳೆ ಜೋರಾಯಿತು. ಪಡಸಾಲೆಯ ಮಾಳಿಗೆ ಮೂರು ಕಡೆ ಸೋರತೊಡಗಿತು. ತಮ್ಮನಿಗೆ ಎದೆಯಲ್ಲಿ ಕಫ ಕಟ್ಟಿ ಉಸಿರು ಗೊರಗೊರ ಎನ್ನುತ್ತಿತ್ತು. ಒಂದು ಭಾನುವಾರ ಎಲ್ಲರೂ ಊಟಕ್ಕೆ ಕೂತಿದ್ದಾಗ ಅಪ್ಪ ತಟ್ಟೆಯಿಂದ ತಲೆಯೆತ್ತದೆ ಹೇಳಿದ:

"ಮಳಿ ನಿಲ್ಲೋತನಕ ಸಣ್ಣವು ಎರಡು ಮುಂದಿನ ಖೋಲ್ಯಾಗ ಮಲಗಲಿ."

ಕಾಕಾ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದ.

"ಕೇಳೋದಿದ್ರ ನೆಟ್ಟಗ ಕೇಳಣ್ಣ. ಖೋಲಿ ಬಿಡ್ರಿ ಅಂತ ಕೇಳು."

"ನಾ ಹಂಗಂದ್ನೇನು?"

"ಅನ್ನಂಗಿಲ್ಲ ನೀನು. ನಿಂದು ಬರೇ ಲೆಕ್ಕ."

ಅವ್ವನ ಕೈಯಲ್ಲಿದ್ದ ಸವಟು ಸಾರಿನ ಗಡಿಗೆಯ ಮೇಲೆ ನಿಂತುಬಿಟ್ಟಿತು. ಚಿಗವ್ವ ಎದ್ದು ಒಳಗೆ ಹೋದಳು. ಆ ಖೋಲಿಯ ಬಗ್ಗೆ ಮಾತಾಡುವುದು ಎಂದರೆ ತೊಟ್ಟಿಲಿನ ಬಗ್ಗೆ ಮಾತಾಡುವುದೇ ಆಗಿತ್ತು. ಒಂದನ್ನು ಬಿಟ್ಟು ಇನ್ನೊಂದನ್ನು ಎತ್ತುವ ದಾರಿ ಇರಲಿಲ್ಲ. ಅಂದಿನಿಂದ ಅಪ್ಪ, ಕಾಕಾ ಇಬ್ಬರೂ ಅಗತ್ಯಕ್ಕೆ ಮಾತ್ರ ಬಾಯಿ ತೆರೆದರು. ತಮ್ಮನಿಗೆ ಕಫ ಇಳಿಯಿತು, ಮಳೆ ನಿಂತಿತು, ಮಾತು ಬರಲಿಲ್ಲ.

ದಸರಾ ರಜೆ ಬಂತು. ಅಪ್ಪ ರಜೆಯಲ್ಲೂ ಕಂಬಿ ಬಾರಿಸುವುದನ್ನು ಬಿಡುತ್ತಿರಲಿಲ್ಲ. ಒಂದು ಬೆಳಿಗ್ಗೆ ನಮಗೆ ಕೆಲಸ ಹೇಳಿದ.

"ಏಷ್ಯಾ ನೀವು ನೋಡಿಲ್ಲ, ನಾನೂ ನೋಡಿಲ್ಲ. ನೋಡಿದ್ದನ್ನ ಅಳೀರಿ. ಹೊಲ, ಓಣಿ, ಸಾಲಿ, ಯಾವುದರ ಆಗಲಿ. ಒಂದು ತಖ್ತೆ ಮಾಡಿ ತೋರಸ್ರಿ."

ಅಣ್ಣ ಶಾಲೆಯ ಮೈದಾನ ಹಿಡಿದ. ನಾನು ಮನೆ ಹಿಡಿದೆ. ಅಪ್ಪನಿಗೆ ಅದು ಗೊತ್ತಿರಲಿಲ್ಲ. ಇದನ್ನು ನಾನು ಆಗಲೂ ಹೇಳಿದೆ, ಈಗಲೂ ಹೇಳುತ್ತೇನೆ.

ಬಾವಿಯ ಹಗ್ಗಕ್ಕೆ ಮೊಳಕ್ಕೊಂದು ಗಂಟು ಹಾಕಿ ಎರಡು ದಿನ ಅಳೆದೆ. ಪಡಸಾಲೆ ಹನ್ನೆರಡು ಮೊಳ ಉದ್ದ, ಆರು ಮೊಳ ಅಗಲ. ಮುಂದಿನ ಖೋಲಿ ಹತ್ತು ಮೊಳ ಉದ್ದ, ಎಂಟು ಮೊಳ ಅಗಲ. ಕಣ್ಣಿಗೆ ಪಡಸಾಲೆ ದೊಡ್ಡದು ಕಾಣುತ್ತಿತ್ತು. ಗುಣಿಸಿದರೆ ಖೋಲಿಯೇ ದೊಡ್ಡದು. ನನಗಾದ ಸಂತೋಷ ಹೇಳತೀರದು. ಕಣ್ಣು ಹೇಳಿದ್ದನ್ನು ಲೆಕ್ಕ ಸುಳ್ಳು ಮಾಡಿದ್ದು ನನ್ನ ಬದುಕಿನಲ್ಲಿ ಅದೇ ಮೊದಲು. ಆಮೇಲೆ ಮಂದಿ ಎಣಿಸಿದೆ. ಪಡಸಾಲೆಯಲ್ಲಿ ಅಪ್ಪ, ಅವ್ವ, ನಾವು ನಾಲ್ವರು, ಒಟ್ಟು ಆರು. ಖೋಲಿಯಲ್ಲಿ ಕಾಕಾ, ಚಿಗವ್ವ, ಎರಡು. ಗಳಿಕೆಯಲ್ಲಿ ಕಾಕಾನಿಗೆ ಒಂದನೇ ನಂಬರು, ಅಪ್ಪನಿಗೆ ಎರಡನೆಯದು, ಹಾಲು ಮಾರುತ್ತಿದ್ದುದರಿಂದ ಎಮ್ಮೆಗೆ ಮೂರನೆಯದು. ಅಡುಗೆಮನೆಯಲ್ಲಿ ಯಾರೂ ಮಲಗುತ್ತಿರಲಿಲ್ಲ, ಅಲ್ಲಿಂದ ಗಳಿಕೆಯೂ ಇರಲಿಲ್ಲ. ಎರಡೂ ಕಾಲಂಗಳಲ್ಲಿ ಅಡ್ಡಗೆರೆ ಎಳೆದೆ. ಅಪ್ಪನ ತಖ್ತೆಯಲ್ಲಿಲ್ಲದ ನಾಲ್ಕನೇ ಕಾಲಂ ಒಂದನ್ನು ನಾನೇ ಸೇರಿಸಿದೆ: ಒಬ್ಬರಿಗೆ ಎಷ್ಟು. ಪಡಸಾಲೆಯಲ್ಲಿ ಒಬ್ಬರಿಗೆ ಹನ್ನೆರಡು, ಖೋಲಿಯಲ್ಲಿ ಒಬ್ಬರಿಗೆ ನಲವತ್ತು. ಕೊನೆಗೆ ಅಪ್ಪ ಮೆಚ್ಚಲೆಂದು ಒಂದೊಂದು ಕೋಣೆಗೂ ಅದನ್ನು ಹೋಲುವ ದೇಶದ ಹೆಸರು ಕೊಟ್ಟೆ. ಇಕ್ಕಟ್ಟಾದ ಪಡಸಾಲೆ ಬಾಂಗ್ಲಾದೇಶ. ಜಾಗ ಬಹಳ, ಮಂದಿ ಕಡಿಮೆ ಇದ್ದ ಮುಂದಿನ ಖೋಲಿ ಮಂಗೋಲಿಯಾ.

ಕರಿಹಲಗೆಯ ಮೇಲಿನ ಏಷ್ಯಾವನ್ನು ಅಳಿಸುವ ಹಾಗಿರಲಿಲ್ಲ. ಅದಕ್ಕೇ ಪಕ್ಕದ ಮಣ್ಣು ಮೆತ್ತಿದ ಗೋಡೆಯ ಮೇಲೆ, ಬೀಸುವ ಕಲ್ಲಿನ ಮೇಲ್ಗಡೆ, ಸುಣ್ಣದ ಕಡ್ಡಿಯಿಂದ ದೊಡ್ಡದಾಗಿ ಬರೆದೆ. ಅಂದು ಶನಿವಾರ. ಅಪ್ಪ ಸಂತೆಗೆ ಹೋಗಿದ್ದ. ಮೊದಲು ನೋಡಿದವಳು ಆಯಿ, ಅಪ್ಪನ ತಾಯಿ. ಚೀಕಲಪರ್ವಿಯ ಹೊಳೆಯ ದಂಡೆಯಲ್ಲಿ ಹುಟ್ಟಿದವಳು. ಯಾರ ಮುಖಕ್ಕೂ ಅಂಜಿದವಳಲ್ಲ.

"ಏನ್ಬೇ ಇದು, ನಂದೆಲ್ಲದ ಇದರಾಗ?"

"ನಿನಗ ಖೋಲಿ ಇಲ್ಲಲ್ಲ ಆಯಿ. ಬ್ಯಾಸಿಗ್ಯಾಗ ಕಟ್ಟಿ ಮ್ಯಾಲೆ, ಮಳ್ಯಾಗ ಕೊಟ್ಟಿಗ್ಯಾಗ. ನಿನ್ನ ಹ್ಯಾಂಗ ಎಣಸಲಿ?"

"ಎಮ್ಮಿ ಅದ?"

"ಎಮ್ಮಿ ಅದ. ಮೂರನೇ ನಂಬರು."

"ಹಾಲು ಹಿಂಡಾಕಿ ಇಲ್ಲ, ಎಮ್ಮಿ ಅದ. ಬಾಳ ಶಾಣ್ಯಾ ಆಗೀದಿ ತಗೋ" ಎಂದು ನಗುತ್ತ ಹೋದಳು.

ಆಮೇಲೆ ಚಿಗವ್ವ ಬಂದಳು. ಒದ್ದೆ ಕೈಯನ್ನು ಸೆರಗಿಗೆ ಒರೆಸುತ್ತ, ನಾನು ಬರೆದದ್ದೆಂದು ಹೆಮ್ಮೆಯಿಂದ ಗೋಡೆ ನೋಡಿದಳು. ಓದಿ ಹೇಳು ಎಂದಳು. ಅಪ್ಪ ಕಲಿಸಿದಂತೆ ಅಡುಗೆಮನೆಗೆ ಕೇಳುವ ಹಾಗೆ ಗಟ್ಟಿಯಾಗಿ ಓದಿದೆ. ಮುಂದಿನ ಖೋಲಿ, ಜಾಗದಾಗ ಮೊದಲನೇದು. ಮಂದಿ ಎರಡು. ಮಂಗೋಲಿಯಾ.

ಚಿಗವ್ವನ ಕೈ ಸೆರಗಿನಲ್ಲೇ ನಿಂತಿತು.

"ಮಂಗೋಲಿಯಾ ಅಂದ್ರ, ದಿನಾ ಮುಂಜಾನಿ ಹೇಳ್ತೀರಲ್ಲ, ಅದು? ಕುದರಿ ಓಡಿಸಿದ್ರೂ ಒಂದು ಮನಿ ಸಿಗಂಗಿಲ್ಲ, ಬರೇ ಬಯಲು ಅಂತ?"

"ಹೂಂ, ಅದ."

"ಬಯಲು" ಎಂದು ಇನ್ನೊಮ್ಮೆ ಅಂದಳು. ನನಗೆ ಹೇಳಿದಂತಿರಲಿಲ್ಲ. ಖೋಲಿಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡಳು. ಆ ಬಾಗಿಲು ಹಗಲಿನಲ್ಲಿ ಮುಚ್ಚಿದ್ದನ್ನು ನಾನು ಕಂಡಿರಲಿಲ್ಲ. ಏನೋ ತಪ್ಪಿದೆ ಎಂದು ಗೊತ್ತಾಯಿತು, ಯಾವ ಕಾಲಂನಲ್ಲಿ ಎಂದು ಗೊತ್ತಾಗಲಿಲ್ಲ. ಮತ್ತೆ ಎರಡು ಸಲ ಗುಣಿಸಿ ನೋಡಿದೆ. ಲೆಕ್ಕ ಸರಿ ಇತ್ತು.

ಗೋಡೆ ಒರೆಸಬೇಕೆಂದು ನನಗೆ ಹೊಳೆಯುವ ಮೊದಲೇ ದೇವದುರ್ಗದ ಬಸ್ಸು ಬಂದಿತ್ತು. ಕಾಕಾ ಚಪ್ಪಲಿ ಬಿಟ್ಟು ಒಳಗೆ ಬಂದವನು ಗೋಡೆಯ ಮುಂದೆ ನಿಂತ. ಗುಮಾಸ್ತನಲ್ಲವೇ, ತಖ್ತೆ ಓದುವುದು ಅವನ ದಿನದ ಕೆಲಸ. ಅವನ ಬೆರಳು ಖೋಲಿಯ ಸಾಲಿನ ಮೇಲೆ ಎಡದಿಂದ ಬಲಕ್ಕೆ ಹೋಗಿ ನಲವತ್ತರ ಮೇಲೆ ನಿಂತಿತು. ಅಷ್ಟರಲ್ಲಿ ಅಪ್ಪ ಸಂತೆಯ ಚೀಲ ಹಿಡಿದು ಹೊಸ್ತಿಲು ದಾಟಿದ.

"ಖೋಲಿ ಬೇಕಂದ್ರ ಬಾಯಿ ಬಿಟ್ಟು ಕೇಳು ಅಂದಿದ್ದೆ. ಹುಡುಗಿ ಕಡಿಂದ ಗ್ವಾಡಿಗೆ ಬರಸೀದೇನಣ್ಣ?"

ಅಪ್ಪ ಗೋಡೆ ನೋಡಿದ. ಮೇಲಿನಿಂದ ಕೆಳಗೆ ಪೂರ್ತಿ ಓದಿದ. ಅವನ ಮುಖದಲ್ಲಿ ಒಂದು ಕ್ಷಣ, ಬರೀ ಒಂದು ಕ್ಷಣ, ಒಳ್ಳೆಯ ಉತ್ತರ ಪತ್ರಿಕೆ ಕಂಡ ಮಾಸ್ತರನ ಬೆಳಕು ಬಂದು ಹೋಯಿತು. ಅದನ್ನು ಕಾಕಾ ಕಂಡುಬಿಟ್ಟ. ಇಲ್ಲದಿದ್ದರೆ ಏನಾಗುತ್ತಿತ್ತೋ.

"ನಾ ಬರಸಿಲ್ಲ" ಅಂದ ಅಪ್ಪ.

"ಒಬ್ಬರಿಗೆ ಎಷ್ಟು ಅಂತ ಹನ್ನೊಂದು ವರ್ಷದ ಹುಡುಗಿ ತಾನಾ ತೆಗಿತಾಳ? ಮಂದಿ ಎರಡಂತ. ಮಂಗೋಲಿಯಾ ಅಂತ, ಬರೇ ಬಯಲಂತ. ಎಂಟು ವರ್ಷ ಆತು, ಈ ಮನ್ಯಾಗ ಯಾರೂ ನಮ್ಮ ಮುಂದ ಅನ್ನಲಾರದ್ದನ್ನ ಸುಣ್ಣದಾಗ ಬರಸೀದಿ."

"ಹಣಮಂತ, ಬರಸಿಲ್ಲ ಅಂದೆ."

"ಸೋಮವಾರ ಇಬ್ಬರೂ ದೇವದುರ್ಗಕ್ಕ ಹೋಗ್ತೀವಿ. ನಿನ್ನ ಬಾಂಗ್ಲಾ ತಂದು ತುಂಬ್ಕೋ ಖೋಲ್ಯಾಗ."

ಗೋಡೆ ಒರೆಸಲು ಅವ್ವ ಒದ್ದೆ ಬಟ್ಟೆ ತಂದಳು. ಕಾಕಾ ತಡೆದ. "ಇರ್ಲಿ ವೈನಿ. ಹೋಗೋತನಕ ಇರ್ಲಿ." ಅಪ್ಪನೂ ಒರೆಸಬೇಡ ಎಂದ. ಇಬ್ಬರೂ ಒಂದೇ ಮಾತು ಹೇಳಿದ್ದು ಆ ತಿಂಗಳಲ್ಲಿ ಅದೊಂದೇ.

ಭಾನುವಾರ ನಮ್ಮ ಮನೆಯಲ್ಲಿ ಮೊದಲ ಸಲ ಎರಡು ಒಲೆ ಉರಿದವು. ಅಡುಗೆಮನೆಯಲ್ಲಿ ಅವ್ವನದು, ಖೋಲಿಯ ಮುಚ್ಚಿದ ಬಾಗಿಲ ಹಿಂದೆ ಚಿಗವ್ವನ ಸೀಮೆಎಣ್ಣೆ ಸ್ಟೋವು. ಆಯಿ ಕಟ್ಟೆಯ ಮೇಲೆ ಕೂತಳು. "ಮನ್ಯಾಗ ಒಂದ ಒಲಿ ಹತ್ತೋತನಕ ನಾ ಉಣ್ಣಂಗಿಲ್ಲ" ಎಂದು ಇಬ್ಬರ ತಟ್ಟೆಗಳನ್ನೂ ತಿರುಗಿಸಿ ಕಳಿಸಿದಳು. ನಾನು ಎಲ್ಲಿ ಉಣ್ಣಬೇಕೆಂದು ಯಾರೂ ಹೇಳಲಿಲ್ಲ. ಅವ್ವ ಬಡಿಸಿದ್ದನ್ನು ತಟ್ಟೆಯಲ್ಲೇ ಬಿಟ್ಟೆ. ಖೋಲಿಯ ಬಾಗಿಲು ತಳ್ಳಲು ಧೈರ್ಯ ಬರಲಿಲ್ಲ. ಒಳಗೆ ಟ್ರಂಕಿನ ಮುಚ್ಚಳ ತೆಗೆದ ಸದ್ದು, ಆಮೇಲೆ ಹಾಕಿದ ಸದ್ದು. ಸ್ವಲ್ಪ ಹೊತ್ತಿಗೆ ಬಾಗಿಲು ಒಂದು ಗೇಣು ತೆರೆಯಿತು. ಚಿಗವ್ವನ ಕೈ ಹೊರಗೆ ಬಂತು. ಮಡಿಚಿದ ನನ್ನ ಎರಡು ಫ್ರಾಕುಗಳನ್ನು ಹೊಸ್ತಿಲ ಮೇಲಿಟ್ಟು ಒಳಗೆ ಹೋಯಿತು. ಅಪ್ಪನ ಹೊಡೆತಕ್ಕೂ ನಾನು ಅತ್ತವಳಲ್ಲ. ಆ ಫ್ರಾಕುಗಳನ್ನು ಎತ್ತಿಕೊಳ್ಳಲು ನನ್ನಿಂದ ಆಗಲಿಲ್ಲ. ಅವು ಅಲ್ಲೇ ಇದ್ದವು. ದಾಟಿ ಹೋಗುವವರೆಲ್ಲ ಅವುಗಳನ್ನು ನೋಡಿ ದಾಟಿದರು.

ಸೋಮವಾರ ಐದೂವರೆಗೆ ಅಪ್ಪ ಕಂಬಿ ಬಾರಿಸಿದ. ಮನೆ ಒಡೆಯುವ ದಿನವೂ ಬಾರಿಸುತ್ತಾನೆಂದು ನಾವ್ಯಾರೂ ಅಂದುಕೊಂಡಿರಲಿಲ್ಲ. ಮೂರನೇ ಪೆಟ್ಟಿಗೆ ಸಾಲಾಗಿ ನಿಂತೆವು. ಚಿಗವ್ವನ ಟ್ರಂಕು ಹಗ್ಗ ಬಿಗಿಸಿಕೊಂಡು ಕಟ್ಟೆಗೆ ಬಂದಿತ್ತು. ಕಾಕಾ ಅದರ ಪಕ್ಕದಲ್ಲಿ ಗಡಿಯಾರ ನೋಡುತ್ತ ನಿಂತಿದ್ದ. ಚಿಗವ್ವ ಖೋಲಿಯ ಹೊಸ್ತಿಲಲ್ಲಿ. ಅಪ್ಪ ಏಷ್ಯಾದ ಮುಂದೆ ನಿಲ್ಲಲಿಲ್ಲ. ಬೆತ್ತವನ್ನು ನನ್ನ ಗೋಡೆಯ ಮೇಲಿಟ್ಟ.

"ಸುಜಾತಾ, ಮುಂದ ಬಾ. ತಖ್ತೆ ಯಾರು ಮಾಡಿದ್ದು?"

"ನಾ ರೀ."

"ಯಾರು ಹೇಳಿಕೊಟ್ರು?"

"ಯಾರೂ ಇಲ್ಲ ರೀ. ಹಗ್ಗಕ್ಕ ಗಂಟು ಹಾಕಿ ನಾನಾ ಅಳದೆ ರೀ."

ಕಟ್ಟೆಯ ಕಡೆಯಿಂದ ಕಾಕಾ ಮೂಗಿನಲ್ಲಿ ನಕ್ಕ. "ಬಾಯಿಪಾಠ ಮಾಡಿಸೀದಿ."

ಅಪ್ಪ ಆ ಕಡೆ ನೋಡಲಿಲ್ಲ. ಕೆಳತುಟಿ ಬಿಳಿಚಿತ್ತು. ಬೆತ್ತವನ್ನು ಒಂದೊಂದೇ ಅಂಕಿಯ ಮೇಲಿಟ್ಟು ಕೇಳುತ್ತ ಹೋದ, ನಾನು ಹೇಳುತ್ತ ಹೋದೆ. ಪಡಸಾಲಿ ಜಾಗ? ಎಪ್ಪತ್ತೆರಡು ರೀ. ಖೋಲಿ ಜಾಗ? ಎಂಬತ್ತು ರೀ. ಪಡಸಾಲಿ ಮಂದಿ? ಆರು ರೀ. ಖೋಲಿ ಮಂದಿ?

"ಎರಡು ರೀ."

"ಸುಳ್ಳು."

ಮಾತು ಬಂದದ್ದು ಖೋಲಿಯ ಹೊಸ್ತಿಲಿನಿಂದ. ಎಂಟು ವರ್ಷದಲ್ಲಿ ಚಿಗವ್ವ ಅಪ್ಪನ ಎದುರು ಬಾಯಿ ತೆರೆದವಳಲ್ಲ. ಗಂಡನ ಅಣ್ಣನಿಗೆ ಏನಾದರೂ ಹೇಳಬೇಕಾದರೆ ಆಯಿಯ ಮೂಲಕ ಹೇಳುವುದು, ಆಯಿ ಇಲ್ಲದಿದ್ದರೆ ಮಕ್ಕಳ ಮೂಲಕ. ಈಗಲೂ ಅವಳು ಅವನನ್ನು ನೋಡಲಿಲ್ಲ. ಸೆರಗನ್ನು ಹಣೆಯ ತನಕ ಎಳೆದುಕೊಂಡು ನನ್ನನ್ನೇ ನೋಡಿದಳು. ಆದರೆ ದನಿ ಎಲ್ಲರಿಗೂ ಕೇಳುವಂತಿತ್ತು.

"ನಿನ್ನ ಚಾಪಿ ಎಲ್ಲದ ಬೇ?"

ನಾನು ಅವಳ ಹಿಂದೆ, ಖೋಲಿಯ ಕಿಟಕಿಯ ಕಡೆ ನೋಡಿದೆ.

"ಪಾಟಿಚೀಲ ಯಾವ ಗೂಟಕ್ಕದ? ಜ್ವರ ಬಂದಾಗ ಯಾವ ಕಿಟಕಿ ತಳಗ ಬಿದ್ದಿದ್ದಿ? ಆರು ವರ್ಷದಿಂದ ನನ್ನ ಮಗ್ಗಲ್ದಾಗ ಮಲಗಿ, ಎರಡ ಮಂದಿ ಅಂತ ಬರದಿ. ನಿನ್ನ ಯಾಕ ಆ ಕಡಿ ಎಣಸಿದಿ?"

ಯಾವ ಕಾಲಂನಲ್ಲಿ ತಪ್ಪಿತ್ತು ಎಂದು ನನಗೆ ಆಗ ತಿಳಿಯಿತು. ಗುಣಾಕಾರ ಸರಿ ಇತ್ತು. ನಾನು ನನ್ನನ್ನೇ ತಪ್ಪು ಕೋಣೆಯಲ್ಲಿ ಎಣಿಸಿದ್ದೆ.

ಅಪ್ಪನ ಬೆತ್ತ ಗೋಡೆಯಿಂದ ಕೆಳಗಿಳಿಯಿತು. ಆಮೇಲೆ ಎಂದಿನ ಪಾಠದ ದನಿಯಲ್ಲೇ ಕೇಳಿದ. ಇನ್ಯಾವ ದನಿಯೂ ಅವನಿಗೆ ಬರುತ್ತಿರಲಿಲ್ಲ ಎಂದು ಈಗ ಅನ್ನಿಸುತ್ತದೆ.

"ಎರಡು ಕಡಿ ಕಾಲಿಟ್ಟ ದೇಶನ ಎಲ್ಲಿ ಎಣಸ್ತಾರ?"

"ರಾಜಧಾನಿ ಯಾವ ಕಡಿ ಅದನೋ ಆ ಕಡಿ ರೀ."

"ನಿಂದು ಯಾವ ಕಡಿ?"

ಅಡುಗೆಮನೆಯ ಬಾಗಿಲಲ್ಲಿ ಅವ್ವ ಬಂದು ನಿಂತಿದ್ದಳು. ಎರಡೂ ಕೈಗೆ ಜೋಳದ ಹಿಟ್ಟು. ಖೋಲಿಯ ಬಾಗಿಲಲ್ಲಿ ಚಿಗವ್ವ. ನಡುವೆ ಹನ್ನೆರಡು ಮೊಳದ ಪಡಸಾಲೆ. ಅವ್ವ ಏನನ್ನೂ ಕೇಳಲಿಲ್ಲ, ತಲೆಯಾಡಿಸಲಿಲ್ಲ, ಕಣ್ಣು ತಪ್ಪಿಸಲೂ ಇಲ್ಲ. ನಾನು ನೆಲ ನೋಡುತ್ತ ಹೇಳಿದೆ.

"ಮುಂದಿನ ಖೋಲ್ಯಾಗ ರೀ."

"ಗಟ್ಟಿ ಹೇಳು" ಅಂದ ಅಪ್ಪ.

ಹೇಳಿದೆ. ಅಡುಗೆಮನೆಗೆ ಕೇಳುವ ಹಾಗೆ ಹೇಳಿದೆ.

"ತಿದ್ದು."

ಹೆಬ್ಬೆರಳಿನಿಂದ ಎರಡನ್ನು ಒರೆಸಿ ಮೂರು ಬರೆದೆ. ಆರನ್ನು ಒರೆಸಿ ಐದು ಬರೆದೆ. ಒಬ್ಬರಿಗೆ ಎಷ್ಟು ಎಂಬ ಕಾಲಮ್ಮನ್ನು ಅಂಗೈಯಿಂದ ಪೂರ್ತಿ ಅಳಿಸಿದೆ. ಯಾರೂ ಹೇಳಿರಲಿಲ್ಲ. ಮಂಗೋಲಿಯಾವನ್ನು ಚಿಗವ್ವನೇ ಬಂದು ಸೆರಗಿನಿಂದ ಒರೆಸಿದಳು. ಅವಳಿಗೆ ಅಕ್ಷರ ಬಾರದು, ಆದರೆ ಎಲ್ಲಿ ಬರೆದಿದೆ ಎಂದು ನೆನಪಿತ್ತು.

ಕಾಕಾ ಟ್ರಂಕಿನ ಮೇಲೆ ಕೂತುಬಿಟ್ಟಿದ್ದ. ಬಸ್ಸಿನ ಹಾರ್ನು ಓಣಿಯ ತುದಿಯಲ್ಲಿ ಕೇಳಿಸಿತು. ಆಯಿ ಅಂದಳು: "ಏಳಪ್ಪಾ ಗುಮಾಸ್ತ. ನೀ ಎದ್ರ ಟ್ರಂಕ ಒಳಗ ಹೋಗ್ತದ. ನನಗ ಹಸಿವಾಗ್ಯಾದ." ಕಾಕಾ ಎದ್ದ. ಅಪ್ಪನನ್ನು ನೋಡದೆ, ಅಪ್ಪನಿಗೆ ಕೇಳುವಂತೆ, "ಶನಿವಾರ ಬರ್ತೀನಿ" ಎಂದು ಒಬ್ಬನೇ ಹೋದ. ಟ್ರಂಕಿನ ಒಂದು ತುದಿಯನ್ನು ಅಪ್ಪ ಹಿಡಿದ, ಇನ್ನೊಂದನ್ನು ಅಣ್ಣ. ಹೊಸ್ತಿಲ ಮೇಲಿದ್ದ ಫ್ರಾಕುಗಳನ್ನು ಚಿಗವ್ವ ಎತ್ತಿಕೊಂಡಳು.

ನಾನು ಅಡುಗೆಮನೆಗೆ ಹೋದೆ. ಅವ್ವ ಹಂಚಿನ ಮುಂದೆ ಕೂತಿದ್ದಳು.

"ನಮ್ಮ ಕಡಿ ಎಷ್ಟು ಉಳಿತು?"

"ಐದು."

"ಹೂಂ" ಅಂದಳು. ಬುಟ್ಟಿಯಲ್ಲಿದ್ದ ರೊಟ್ಟಿಗಳಿಂದ ಎರಡನ್ನು, ನಾನು ದಿನಾ ತಿನ್ನುವ ಎರಡನ್ನು, ಬೇರೆ ತೆಗೆದು ಬಟ್ಟೆಯಲ್ಲಿ ಸುತ್ತಿದಳು. ತಾನೇ ಎದ್ದು ಪಡಸಾಲೆ ದಾಟಿ ಹೋಗಿ ಚಿಗವ್ವನ ಕೈಯಲ್ಲಿಟ್ಟಳು. ಏನು ಹೇಳಿದಳೋ ನನಗೆ ಕೇಳಿಸಲಿಲ್ಲ. ಅವ್ವ ಗಟ್ಟಿ ಮಾತಾಡುವವಳಲ್ಲ.

ಮನೆ ಒಡೆಯಲಿಲ್ಲ. ಆದರೆ ಒಮ್ಮೆ ತಿದ್ದಿದ ಅಂಕಿ ಹಿಂದಕ್ಕೆ ಹೋಗಲೂ ಇಲ್ಲ. ಎರಡು ವರ್ಷದ ಮೇಲೆ ಕಾಕಾನಿಗೆ ದೇವದುರ್ಗದಲ್ಲಿ ಇರಲು ಸರ್ಕಾರಿ ಮನೆ ಸಿಕ್ಕಾಗ ಯಾವ ಜಗಳವೂ ಇಲ್ಲದೆ ಮೂರು ಮಂದಿ ಹೋದೆವು. ನಾನು ಹೈಸ್ಕೂಲು ಓದಿದ್ದು ಅಲ್ಲಿ, ನರ್ಸಿಂಗ್ ಸೇರಿದ್ದು ಅಲ್ಲಿಂದ. ಕಾಕಾ ಫೀಜು ಕಟ್ಟಿದ, ಚಿಗವ್ವ ಬಸ್ಸಿಗೆ ಹತ್ತಿಸಿದಳು. ಮಾನ್ವಿಗೆ ರಜೆಯಲ್ಲಿ ಹೋಗುತ್ತಿದ್ದೆ. ಅವ್ವ ನನಗೆ ಹೊಸ ಚಾಪೆ ಹಾಸಿಕೊಡುತ್ತಿದ್ದಳು, ಬಂದವರಿಗೆ ಹಾಸುವ ಚಾಪೆ.

ಮೂವತ್ತೆರಡು ವರ್ಷ ನಾನು ರಾಯಚೂರಿನ ಆಸ್ಪತ್ರೆಗಳಲ್ಲಿ ಕೆಲಸ ಮಾಡಿದೆ. ಬೆಳಿಗ್ಗೆ ವಾರ್ಡಿನ ಎಣಿಕೆ ಮಾಡುವಾಗ ರಿಜಿಸ್ಟರು ನೋಡಿ ಬರೆಯುವ ಹುಡುಗಿಯರನ್ನು ಎಬ್ಬಿಸಿ ಕಳಿಸುತ್ತಿದ್ದೆ. ಹೋಗಿ ಹಾಸಿಗೆ ನೋಡು, ಯಾರು ಎಲ್ಲಿ ಮಲಗಿದ್ದಾರೆ ನೋಡಿ ಬಂದು ಬರಿ. ನನ್ನನ್ನು ಕಟ್ಟುನಿಟ್ಟಿನವಳೆಂದು ಬೈದುಕೊಂಡವರು ಬಹಳ ಮಂದಿ. ಇರಲಿ. ಅಪ್ಪನ ತಖ್ತೆಯಂತೂ ಈಗ ತಲೆಕೆಳಗಾಗಿದೆ. ಮಂದಿಯ ಕಾಲಂನ ತಲೆಯಲ್ಲಿ ನಮ್ಮ ದೇಶವೇ ಇದೆ. ಗಳಿಕೆಯಲ್ಲಿ ಜಪಾನಿನ ಜಾಗಕ್ಕೆ ಚೀನಾ ಬಂದಿದೆ. ಟಿ.ವಿ.ಯವರು ಯಾರು ದೊಡ್ಡವರೆಂದು ಕೂಗಾಡುವಾಗ ನನ್ನ ಬಾಯಿ ತನಗೆ ತಾನೇ ಕೇಳುತ್ತದೆ, ಯಾವ ಕಾಲಂದಾಗ ರೀ?

ಅವ್ವನನ್ನು ಕೊನೆಗೆ ನಾನು ಕೆಲಸ ಮಾಡುತ್ತಿದ್ದ ಆಸ್ಪತ್ರೆಗೇ ತಂದೆವು. ಅಪ್ಪ, ಕಾಕಾ, ಚಿಗವ್ವ ಯಾರೂ ಆಗ ಉಳಿದಿರಲಿಲ್ಲ. ದಾಖಲು ಮಾಡಿಕೊಳ್ಳುತ್ತಿದ್ದ ಹುಡುಗ ನನ್ನ ಪರಿಚಯದವನಲ್ಲ. ಸ್ಟ್ರೆಚರಿನ ಪಕ್ಕ ಫಾರಮ್ಮು ಹಿಡಿದು ನಿಂತು, ಹೆಸರು ಊರು ಬರೆದುಕೊಂಡು, ಬಗ್ಗಿ ಕೇಳಿದ:

"ಯವ್ವಾ, ನಿಮಗ ಮಕ್ಕಳೆಷ್ಟು?"

ಅವ್ವ ಕಣ್ಣು ಮುಚ್ಚಿಕೊಂಡಿದ್ದಳು. ಕೈಯನ್ನು ಸ್ವಲ್ಪ ಎತ್ತಿ ನನ್ನ ಕಡೆ ತೋರಿಸಿದಳು.

"ಆಕಿನ್ನ ಕೇಳಪ್ಪಾ. ಬರದಾಕಿ ಆಕಿ."

ಹುಡುಗ ನನ್ನ ಮುಖ ನೋಡಿದ. ನನಗೆ ಅರವತ್ತು ಹತ್ತಿರವಾಗಿತ್ತು. ಮೈಮೇಲೆ ಬಿಳಿಯ ಸಮವಸ್ತ್ರ, ಎದೆಯ ಮೇಲೆ ಹೆಸರಿನ ಪಟ್ಟಿ. ನೆಲ ನೋಡುತ್ತ ಹೇಳಿದೆ.

"ನಾಲ್ಕು."

"ಗಟ್ಟಿ ಹೇಳು" ಅಂದಳು ಅವ್ವ.